ಮಾಲ್ಡೀವ್ಸ್ ಟಿಕೆಟ್ ತಗೊಳ್ಳೋ ಮುಂಚೆ ಬೋಟ್ ಟೈಮ್ ಕೇಳಿ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಹೋದ ವಾರ ಹಾಸನದಿಂದ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು. ಮದುವೆಯಾಗಿ ಮೂರು ತಿಂಗಳಾಗಿದೆ, ಎಲ್ಲೂ ಹೋಗೋಕೆ ಆಗಿಲ್ಲ. ಒಂದು ರೀಲ್ ನೋಡಿದ್ದಾರೆ, "30 ಸಾವಿರಕ್ಕೆ ಮಾಲ್ಡೀವ್ಸ್" ಅಂತ. ಅವರ ಪ್ರಶ್ನೆ ಇಷ್ಟೇ: "ಇಬ್ಬರಿಗೆ 60 ಸಾವಿರ ಕೂಡಿಟ್ಟಿದೀವಿ. ಜೂನ್‌ನಲ್ಲಿ ಮಾಫುಶಿಗೆ ಮೂರು ರಾತ್ರಿ ಆಗುತ್ತಾ, ಮೇಡಂ?"

ಉತ್ತರ ಕೊನೆಯಲ್ಲಿ ಹೇಳ್ತೀನಿ. ಅದಕ್ಕೂ ಮುಂಚೆ ನಾನು ಮಾಡಿಕೊಂಡ ಎಡವಟ್ಟು ಹೇಳಬೇಕು. ಯಾಕೆಂದ್ರೆ ಆ ಎಡವಟ್ಟಿಗೆ ಹೋದದ್ದು ನನ್ನ ದುಡ್ಡಲ್ಲ, ನಮ್ಮಮ್ಮನ ಚೀಟಿ ದುಡ್ಡು.

ನಮ್ಮೂರು ತಿಪಟೂರು. ಅಮ್ಮ ಎರಡೂವರೆ ವರ್ಷ ಚೀಟಿ ಕಟ್ಟಿ, ಎತ್ತಿದ ದುಡ್ಡನ್ನ ನನ್ನ ಕೈಗೆ ಕೊಟ್ಟು, "ಒಂದ್ಸಲ ವಿಮಾನದಲ್ಲಿ ಕೂರಿಸು, ನೀರೊಳಗಿನ ಮೀನು ತೋರಿಸು" ಅಂದ್ರು. ಅವರು ಅಲ್ಲೀವರೆಗೂ ವಿಮಾನ ಹತ್ತಿರಲಿಲ್ಲ. ಪಾಸ್‌ಪೋರ್ಟೂ ಹೊಸದು. ನಾನು ಬಿ.ಕಾಂ. ಓದಿದವಳು, ಲೆಕ್ಕ ಪಕ್ಕಾ ಅನ್ನೋ ಜಂಬ ಬೇರೆ. ಎಕ್ಸೆಲ್ ಶೀಟ್ ಮಾಡಿ, ಕಳೆದ ಫೆಬ್ರವರಿಗೆ ನಾಲ್ಕು ರಾತ್ರಿ ಅಂತ ಯೋಜನೆ ಹಾಕ್ದೆ.

ಮೊದಲು ದೂರದ ವಿಷಯ. ಬೆಂಗಳೂರಿಂದ ಮಾಲೆ ನೇರ ರೇಖೆಯಲ್ಲಿ ಸುಮಾರು 1,100 ಕಿ.ಮೀ. ದೆಹಲಿ ಇದಕ್ಕಿಂತ ದೂರ. ನೇರ ವಿಮಾನ ಇದ್ದರೆ ಎರಡು ಗಂಟೆ, ಸ್ವಲ್ಪ ಹೆಚ್ಚುಕಮ್ಮಿ. ಎಲೆಕ್ಟ್ರಾನಿಕ್ ಸಿಟಿಯಿಂದ ದೇವನಹಳ್ಳಿಗೆ ಸಂಜೆ ಹೊತ್ತು ಹೋದವರಿಗೆ ಎರಡು ಗಂಟೆ ಅಂದ್ರೆ ಏನು ಅಂತ ಗೊತ್ತಿರುತ್ತೆ. ಮೇಲಾಗಿ ಮಾಲ್ಡೀವ್ಸ್ ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ. ಮಧ್ಯಾಹ್ನ 12:40ಕ್ಕೆ ಹೊರಟರೆ ಅಲ್ಲಿ 2:15ಕ್ಕೆ ಇಳೀತೀರಿ. ಕಾಗದದ ಮೇಲೆ ನೋಡಿದ್ರೆ ಇದು ಮೈಸೂರಿಗೆ ಹೋಗಿ ಬಂದಷ್ಟು ಸಲೀಸು.

ವೀಸಾ ಕೂಡ ಹಾಗೇ. ಪ್ರವಾಸಿಗರಿಗೆ ಇಳಿದ ಮೇಲೆ 30 ದಿನದ ವೀಸಾ ಉಚಿತವಾಗಿ ಕೊಡ್ತಾರೆ. ವಾಪಸ್ ಟಿಕೆಟ್, ಉಳಿಯುವ ಜಾಗದ ಬುಕಿಂಗ್, ಖರ್ಚಿಗೆ ಹಣ ಇದೆ ಅನ್ನೋದಕ್ಕೆ ಏನಾದರೂ ಆಧಾರ, ಇಷ್ಟು ಇರಬೇಕು. ಪಾಸ್‌ಪೋರ್ಟ್ ಅವಧಿ ಆರು ತಿಂಗಳಾದ್ರೂ ಬಾಕಿ ಇದ್ದರೆ ಚೆಕ್-ಇನ್ ಕೌಂಟರ್‌ನಲ್ಲಿ ವಾದ ಮಾಡೋ ಪ್ರಸಂಗ ಬರಲ್ಲ. ಇದರ ಜೊತೆ "ಇಮುಗಾ" ಅನ್ನೋ ಆನ್‌ಲೈನ್ ಘೋಷಣೆ ಒಂದಿದೆ. ಪ್ರಯಾಣಕ್ಕೆ 96 ಗಂಟೆ ಮುಂಚೆಯಿಂದ ಅದನ್ನ ತುಂಬಬಹುದು, ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ಇದು ಅವರ ಇಮಿಗ್ರೇಷನ್ ಇಲಾಖೆಯದ್ದು, ಪೂರ್ತಿ ಉಚಿತ. ಅದೇ ಥರ ಕಾಣೋ ವೆಬ್‌ಸೈಟ್‌ಗಳು "ಪ್ರೊಸೆಸಿಂಗ್ ಫೀ" ಅಂತ ದುಡ್ಡು ಕೇಳ್ತವೆ. ದುಡ್ಡು ಕೇಳಿದ ತಕ್ಷಣ ಆ ಪುಟ ಮುಚ್ಚಿಬಿಡಿ.

ಇಲ್ಲೀವರೆಗೂ ಎಲ್ಲ ಸುಲಭ. ಸುಲಭವಾಗಿರೋದೇ ತೊಂದರೆ. ಯಾಕೆಂದ್ರೆ ನೀವು ವಿಮಾನದಿಂದ ಇಳಿಯೋದು ನೀವು ಹೋಗಬೇಕಾದ ದ್ವೀಪದಲ್ಲಿ ಅಲ್ಲ.

ಮಾಲ್ಡೀವ್ಸ್ ಅಂದ್ರೆ ಸುಮಾರು 1,190 ದ್ವೀಪಗಳು. ವೇಲಾನಾ ಅಂತರರಾಷ್ಟ್ರೀಯ ನಿಲ್ದಾಣ ಇರೋದು ಹುಲುಲೆ ಅನ್ನೋ ಒಂದು ದ್ವೀಪದಲ್ಲಿ. ಅಲ್ಲಿಂದ ರಾಜಧಾನಿ ಮಾಲೆಗೂ ಹುಲುಮಾಲೆಗೂ ರಸ್ತೆ ಇದೆ, 2018ರಲ್ಲಿ ಸೇತುವೆ ಆಯ್ತು. ಟ್ಯಾಕ್ಸಿ ಹಿಡಿದು ಹೋಗಬಹುದು. ಬೇರೆ ಎಲ್ಲಿಗೇ ಹೋಗೋದಾದ್ರೂ ನೀರಿನ ಮೇಲೆ ಹೋಗಬೇಕು, ಇಲ್ಲಾ ಮತ್ತೆ ಹಾರಬೇಕು. ದಾರಿ ಮೂರು ಥರ. ಸರ್ಕಾರಿ ಫೆರಿ ಅಗ್ಗ, ಆದ್ರೆ ನಿಧಾನ, ಶುಕ್ರವಾರ ಬಹುಪಾಲು ಇರೋದೇ ಇಲ್ಲ. ಸ್ಪೀಡ್‌ಬೋಟ್ ಹಂಚಿಕೊಂಡು ಹೋಗೋದು, ನಮ್ಮ ಖಾಸಗಿ ಬಸ್ಸಿನ ಹಾಗೆ, ಹೊರಡೋ ಸಮಯ ನಿಗದಿ. ಮೂರನೆಯದು ಸೀಪ್ಲೇನ್, ದೂರದ ರೆಸಾರ್ಟ್‌ಗಳಿಗೆ.

ಸೀಪ್ಲೇನ್ ಬಗ್ಗೆ ಒಂದು ಮಾತು ಹೇಳಿ ಮುಗಿಸ್ತೀನಿ. ಅದು ಹಗಲು ಬೆಳಕಲ್ಲಿ ಮಾತ್ರ ಹಾರುತ್ತೆ. ಮಧ್ಯಾಹ್ನ ಮೂರೂವರೆ ನಂತರ ಮಾಲೆಗೆ ಇಳಿದವರಿಗೆ ಅವತ್ತಿನ ಸೀಪ್ಲೇನ್ ಸಿಗೋದು ಅನುಮಾನ. ಹೋಗಿ ಬರೋಕೆ ಒಬ್ಬರಿಗೆ ಸಾಮಾನ್ಯವಾಗಿ 300ರಿಂದ 600 ಡಾಲರ್. ರೆಸಾರ್ಟ್ ರೂಮಿನ "ಆಫರ್" ಬೆಲೆ ನೋಡಿ ಖುಷಿಪಡೋರು ಇದನ್ನ ನೋಡಿರಲ್ಲ. ಎಷ್ಟೋ ಸಲ ವಿಮಾನದ ಟಿಕೆಟ್‌ಗಿಂತ ಕೊನೆಯ ಅರ್ಧ ಗಂಟೆಯ ಹಾರಾಟವೇ ದುಬಾರಿ.

ನಾವು ಆರಿಸಿದ್ದು ರೆಸಾರ್ಟ್ ಅಲ್ಲ, ಅಲ್ಲಿನ ಜನ ವಾಸ ಇರೋ ದ್ವೀಪ. ದಕ್ಷಿಣ ಆರಿ ಅಟಾಲ್‌ನ ಧಿಗುರಾ. ದಿವೇಹಿ ಭಾಷೆಯಲ್ಲಿ ಹೆಸರಿನ ಅರ್ಥವೇ ಉದ್ದ ದ್ವೀಪ ಅಂತ. ಆ ಕಡೆ ಸಮುದ್ರದಲ್ಲಿ ತಿಮಿಂಗಿಲ ಶಾರ್ಕ್‌ಗಳು ವರ್ಷವಿಡೀ ಕಾಣಿಸ್ತವೆ, ಅದಕ್ಕೇ ಅದನ್ನ 2009ರಿಂದ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಗಾಬರಿ ಬೇಡ, ಹೆಸರಿಗೆ ಶಾರ್ಕ್, ತಿನ್ನೋದು ಸಣ್ಣ ಸಣ್ಣ ಜೀವಿಗಳನ್ನ. ಮಾಲೆಯಿಂದ ಧಿಗುರಾಗೆ ಸ್ಪೀಡ್‌ಬೋಟ್‌ನಲ್ಲಿ ಸುಮಾರು ಎರಡು ಗಂಟೆ. ಅಂದ್ರೆ ಬೆಂಗಳೂರಿಂದ ಮಾಲೆಗೆ ಎಷ್ಟು ಹೊತ್ತೋ, ಮಾಲೆಯಿಂದ ರೂಮಿಗೂ ಅಷ್ಟೇ ಹೊತ್ತು!

ಈಗ ನನ್ನ ತಪ್ಪಿಗೆ ಬರೋಣ. ನಾನು ಮಾಡಿದ ಕ್ರಮ ಇದು: ಮೊದಲು ರಜೆ ಹಾಕ್ದೆ. ಆಮೇಲೆ ಅಗ್ಗದ ಟಿಕೆಟ್ ಹುಡುಕ್ದೆ. ಆಮೇಲೆ ರೂಮ್. ಕೊನೆಗೆ ಗೆಸ್ಟ್‌ಹೌಸ್‌ನವರಿಗೆ ವಾಟ್ಸಾಪ್ ಮಾಡಿ "ಬೋಟ್ ಎಷ್ಟೊತ್ತಿಗೆ" ಅಂತ ಕೇಳ್ದೆ. ಅವರು, ಆ ದಿನದ ಕೊನೆ ಬೋಟ್ ಸಂಜೆ 4 ಗಂಟೆಗೆ ಅಂದ್ರು. ನಮ್ಮ ವಿಮಾನ ಇಳಿಯೋದು 2:15ಕ್ಕೆ. ಒಂದೂಮುಕ್ಕಾಲು ಗಂಟೆ ಇದೆಯಲ್ಲ, ಸಾಕು ಅಂದುಕೊಂಡೆ. ಬೆಳಿಗ್ಗೆಯೇ ತಲುಪೋ ಇನ್ನೊಂದು ಟಿಕೆಟ್ ಇತ್ತು, ತಲಾ 2,300 ರೂಪಾಯಿ ಜಾಸ್ತಿ. ಇಬ್ಬರಿಗೆ 4,600 ಉಳೀತು ಅಂತ ಎಕ್ಸೆಲ್‌ನಲ್ಲಿ ಹಸಿರು ಬಣ್ಣ ಬೇರೆ ಬಳಿದಿದ್ದೆ.

ಬುಧವಾರ ಬೆಂಗಳೂರಲ್ಲೇ ವಿಮಾನ ಒಂದು ಗಂಟೆ ಇಪ್ಪತ್ತು ನಿಮಿಷ ತಡ. ಅಮ್ಮನಿಗೆ ಅದರಿಂದ ಏನೂ ಬೇಸರ ಇಲ್ಲ, ಎರಡನೇ ಟರ್ಮಿನಲ್‌ನ ಗಿಡಗಳನ್ನ ನೋಡ್ತಾ ಕೂತಿದ್ರು. ನಾನು ಗಡಿಯಾರ ನೋಡ್ತಿದ್ದೆ. ಮಾಲೆಯಲ್ಲಿ 3:35ಕ್ಕೆ ಇಳಿದ್ವಿ. ಇಮಿಗ್ರೇಷನ್ ಸಾಲು, ಆಮೇಲೆ ಬ್ಯಾಗು. ಹೊರಗೆ ಬರೋ ಹೊತ್ತಿಗೆ 4:20. ಜೆಟ್ಟಿಯಲ್ಲಿ ಒಬ್ಬ ಹುಡುಗ ಸಮುದ್ರದ ಕಡೆ ಕೈ ತೋರಿಸಿದ. ನಮ್ಮ ಬೋಟ್ ಹೋಗಿ ಇಪ್ಪತ್ತು ನಿಮಿಷ ಆಗಿತ್ತು.

ಇದರ ಲೆಕ್ಕ ಹೇಳ್ತೀನಿ ಕೇಳಿ. ಅವತ್ತು ರಾತ್ರಿ ಹುಲುಮಾಲೆಯಲ್ಲಿ ರೂಮ್, ಎಲ್ಲ ಸೇರಿ 75 ಡಾಲರ್. ಧಿಗುರಾದ ಗೆಸ್ಟ್‌ಹೌಸ್ ಮೊದಲ ರಾತ್ರಿಯ ದುಡ್ಡು ವಾಪಸ್ ಕೊಡಲಿಲ್ಲ, 115 ಡಾಲರ್. ನಿಯಮ ಹಾಗೇ ಬರೆದಿತ್ತು, ಅವರ ತಪ್ಪಲ್ಲ. ಬೋಟ್ ಟಿಕೆಟ್ ಹೊಸದಾಗಿ ಇಬ್ಬರಿಗೆ 120. ಒಟ್ಟು 310 ಡಾಲರ್. ಡಾಲರ್‌ಗೆ 90 ರೂಪಾಯಿ ಅಂತ ಹಿಡಿದರೆ 27,900. 4,600 ಉಳಿಸೋಕೆ ಹೋಗಿ 27,900. ಪ್ರಯಾಣ ವಿಮೆ ಇತ್ತಲ್ಲ ಅಂತ ನೀವು ಕೇಳಬಹುದು. ಇತ್ತು. ಆದ್ರೆ ನಮ್ಮ ಪಾಲಿಸಿಯಲ್ಲಿ ವಿಮಾನ ಇಂತಿಷ್ಟು ಗಂಟೆ ತಡವಾದ್ರೆ ಮಾತ್ರ ಪರಿಹಾರ, ಒಂದು ಗಂಟೆ ಇಪ್ಪತ್ತು ನಿಮಿಷ ಅದರ ಹತ್ತಿರಕ್ಕೂ ಬರಲ್ಲ. ತಪ್ಪಿಹೋದ ಬೋಟ್ ಅದರ ವ್ಯಾಪ್ತಿಯಲ್ಲೇ ಇರಲಿಲ್ಲ. ನಾನದನ್ನ ಓದಿದ್ದು ಹುಲುಮಾಲೆಯ ರೂಮಲ್ಲಿ, ರಾತ್ರಿ ಹನ್ನೊಂದಕ್ಕೆ.

ದುಡ್ಡಿಗಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ತಿಮಿಂಗಿಲ ಶಾರ್ಕ್ ನೋಡೋ ಬೋಟ್‌ಗೆ ಹೆಸರು ಕೊಟ್ಟಿದ್ವಿ. ಅದು ಹೊರಟಾಗ ನಾವಿನ್ನೂ ಮಾಲೆಯ ಜೆಟ್ಟಿಯಲ್ಲಿ. ಶುಕ್ರವಾರ ಅಲ್ಲಿ ರಜೆ, ಜುಮ್ಮಾ. ಶನಿವಾರದ ಬೋಟ್ ಭರ್ತಿ. ಭಾನುವಾರ ನಾವು ವಾಪಸ್. ಎರಡೂವರೆ ವರ್ಷದ ಚೀಟಿ, ಒಂದು ಬೋಟ್.

ಅದಕ್ಕೇ ನಾನು ಈಗ ಯಾರಿಗಾದ್ರೂ ಹೇಳೋ ಕ್ರಮ ಪೂರ್ತಿ ಉಲ್ಟಾ. ಮೊದಲು ದ್ವೀಪ ಆರಿಸಿ. ಗೆಸ್ಟ್‌ಹೌಸ್‌ಗೆ ಮೆಸೇಜ್ ಮಾಡಿ, ಬುಕ್ ಮಾಡೋಕೆ ಮುಂಚೆಯೇ, "ಇಂಥ ವಾರ, ಇಂಥ ದಿನ ಬೋಟ್ ಎಷ್ಟು ಗಂಟೆಗೆ, ಕೊನೆಯದು ಯಾವುದು, ತಪ್ಪಿದ್ರೆ ಏನು" ಅಂತ ಕೇಳಿ. ಅವರು ಉತ್ತರ ಕೊಡ್ತಾರೆ, ಅದು ಅವರ ದಿನದ ಕೆಲಸ. ಆ ಸಮಯಕ್ಕೆ ಕನಿಷ್ಠ ಮೂರು ಗಂಟೆ ಮುಂಚೆ ಇಳಿಯೋ ವಿಮಾನ ಹುಡುಕಿ. ಸಿಗದಿದ್ರೆ ಮೊದಲ ರಾತ್ರಿ ಹುಲುಮಾಲೆಯಲ್ಲೇ ಅಂತ ನೀವೇ ತೀರ್ಮಾನ ಮಾಡಿ, ದ್ವೀಪದ ರೂಮ್ ಮರುದಿನದಿಂದ ತಗೊಳ್ಳಿ. ಅದೇ ರಾತ್ರಿ ಹುಲುಮಾಲೆಯಲ್ಲಿ ಯೋಜನೆ ಮಾಡಿ ಉಳಿದ್ರೆ 75 ಡಾಲರ್, ಯೋಜನೆ ಇಲ್ಲದೆ ಉಳಿದ್ರೆ 310. ಆಮೇಲೆ ರಜೆ ಚೀಟಿ ಬರೀರಿ. ಶುಕ್ರವಾರ ತಲುಪೋ ಹಾಗೆ ಹಾಕಿಕೊಳ್ಳಬೇಡಿ. ಬರುವಾಗಲೂ ಅಷ್ಟೇ, ಬೆಳಗಿನ ಬೋಟ್ ಹಿಡಿದು ನಿಲ್ದಾಣದಲ್ಲಿ ಸುಮ್ಮನೆ ಕೂತರೂ ಪರವಾಗಿಲ್ಲ.

ಇನ್ನು ಬೆಲೆ. ಇದು ನನ್ನ ಇಷ್ಟದ ಭಾಗ, ಸ್ವಲ್ಪ ಸಹಿಸಿಕೊಳ್ಳಿ.

ರೂಮ್ 80 ಡಾಲರ್ ಅಂತ ಆ್ಯಪ್‌ನಲ್ಲಿ ಕಾಣುತ್ತೆ ಅಂದುಕೊಳ್ಳಿ. ಅದರ ಮೇಲೆ ಸರ್ವಿಸ್ ಚಾರ್ಜ್ ಶೇ 10, ಅಂದ್ರೆ 8 ಡಾಲರ್. ಆಯ್ತು 88. ಈ 88ರ ಮೇಲೆ ಪ್ರವಾಸೋದ್ಯಮ ಜಿಎಸ್‌ಟಿ. ಅದು 2025ರ ಜುಲೈ 1ರಿಂದ ಶೇ 16ರಿಂದ 17ಕ್ಕೆ ಏರಿದೆ. ಸುಮಾರು 15 ಡಾಲರ್. ಆಯ್ತು 103. ಕೊನೆಗೆ ಹಸಿರು ತೆರಿಗೆ. ಇದು ರೂಮಿಗಲ್ಲ, ತಲೆಗೆ, ಪ್ರತಿ ರಾತ್ರಿಗೆ. ಜನವಸತಿ ದ್ವೀಪದಲ್ಲಿ 50 ರೂಮಿಗಿಂತ ಕಮ್ಮಿ ಇರೋ ಗೆಸ್ಟ್‌ಹೌಸ್‌ನಲ್ಲಿ 6 ಡಾಲರ್, ರೆಸಾರ್ಟ್‌ನಲ್ಲಿ 12. 2025ರ ಜನವರಿಯಿಂದ ಇದು ದುಪ್ಪಟ್ಟಾಗಿದೆ. ಇಬ್ಬರಿಗೆ 12 ಡಾಲರ್. ಅಲ್ಲಿಗೆ 80ರ ರೂಮ್ 115 ಆಯ್ತು. ರೂಪಾಯಿಯಲ್ಲಿ 7,200 ಅಂದುಕೊಂಡದ್ದು 10,350. ಕೆಲವು ಆ್ಯಪ್‌ಗಳು ಇದನ್ನೆಲ್ಲ ಕೊನೆಯ ಪುಟದಲ್ಲಿ ತೋರಿಸ್ತವೆ. ಹಸಿರು ತೆರಿಗೆ ಒಂದನ್ನ ಕೌಂಟರ್‌ನಲ್ಲೇ ಕಟ್ಟಿ ಅನ್ನೋರೂ ಇದ್ದಾರೆ.

ಟಿಕೆಟ್‌ನಲ್ಲೂ ಒಂದು ಅಡಗಿದೆ. ಮಾಲ್ಡೀವ್ಸ್‌ನಿಂದ ಹೊರಡುವ ವಿದೇಶಿಯರಿಗೆ ನಿರ್ಗಮನ ತೆರಿಗೆ ಮತ್ತು ವಿಮಾನ ನಿಲ್ದಾಣ ಅಭಿವೃದ್ಧಿ ಶುಲ್ಕ ಅಂತ ಎರಡಿವೆ. ಎಕಾನಮಿಯಲ್ಲಿ ತಲಾ 50, ಒಟ್ಟು 100 ಡಾಲರ್. ಬಿಸಿನೆಸ್ ಕ್ಲಾಸ್‌ಗೆ 120 ಮತ್ತು 120. ಇದು ಟಿಕೆಟ್ ಬೆಲೆಯಲ್ಲೇ ಸೇರಿರುತ್ತೆ, ಅಲ್ಲಿ ಬೇರೆ ಕಟ್ಟೋ ಹಾಗಿಲ್ಲ. "ಮಾಲೆಗೆ ಬರೀ 8 ಸಾವಿರ" ಅನ್ನೋ ಜಾಹೀರಾತು ನೋಡಿದ್ರೆ ಅದು ಹೋಗೋ ಟಿಕೆಟ್ ಅಂತ ತಿಳ್ಕೊಳ್ಳಿ. ಬರೋ ಟಿಕೆಟ್‌ನಲ್ಲಿ 9,000 ರೂಪಾಯಿ ಬರೀ ತೆರಿಗೆಗೇ ಹೋಗುತ್ತೆ. ಹಾಗಾಗಿ ಹೋಗಿ ಬರೋ ಒಟ್ಟು ಮೊತ್ತ ಬಿಟ್ಟು ಬೇರೆ ಯಾವ ಸಂಖ್ಯೆಯನ್ನೂ ಹೋಲಿಸಬೇಡಿ.

ಪ್ಯಾಕೇಜ್ ತಗೊಳ್ಳೋರಿಗೆ ಟಿಸಿಎಸ್ ಅಂತ ಒಂದು ಬರುತ್ತೆ. ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರು ಮೊದಲ ರೂಪಾಯಿಯಿಂದಲೇ ಅದನ್ನ ಹಿಡಿಯಬೇಕು. ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗ್ತಾ ಬಂದಿದೆ, ಬುಕ್ ಮಾಡೋ ದಿನ ಎಷ್ಟಿದೆ ಅಂತ ಕೇಳಿ. ಇದು ಖರ್ಚಲ್ಲ, ಮುಂಗಡ ತೆರಿಗೆ ಇದ್ದ ಹಾಗೆ. ರಿಟರ್ನ್ಸ್ ಹಾಕುವಾಗ ಹೊಂದಿಸಿಕೊಳ್ಳಬಹುದು, ಇಲ್ಲ ರೀಫಂಡ್ ತಗೊಳ್ಳಬಹುದು. ಆದ್ರೆ ಯಾರ ಪ್ಯಾನ್ ಕೊಡ್ತೀರಿ ಅನ್ನೋದು ಮುಖ್ಯ. ಆದಾಯವೇ ಇಲ್ಲದ ಅಮ್ಮನ ಪ್ಯಾನ್‌ನಲ್ಲಿ ಬಿಲ್ ಮಾಡಿಸಿದ್ರೆ, ಆ ದುಡ್ಡು ವಾಪಸ್ ಪಡೆಯೋಕೆ ಅವರ ಹೆಸರಲ್ಲಿ ರಿಟರ್ನ್ಸ್ ಹಾಕಬೇಕಾಗುತ್ತೆ. ಮನೆಯಲ್ಲಿ ಯಾರು ರಿಟರ್ನ್ಸ್ ಹಾಕ್ತಾರೋ ಅವರ ಪ್ಯಾನ್ ಕೊಟ್ಟು, ಅವರ ಖಾತೆಯಿಂದಲೇ ಕಟ್ಟಿ.

ಕಾರ್ಡ್ ಬಗ್ಗೆ ಎರಡೇ ಮಾತು. ಸಾಮಾನ್ಯ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟಿಗೆ ಶೇ 3.5ರವರೆಗೆ ಮಾರ್ಕಪ್, ಆ ಮಾರ್ಕಪ್ ಮೇಲೆ ಶೇ 18 ಜಿಎಸ್‌ಟಿ. ಸೇರಿಸಿದ್ರೆ ನೂರಕ್ಕೆ ನಾಲ್ಕು ರೂಪಾಯಿ ಮೇಲೆ. ಅಲ್ಲಿ ಮೆಷಿನ್ "ರೂಪಾಯಿಯಲ್ಲಿ ಕಟ್ತೀರಾ" ಅಂತ ಪ್ರೀತಿಯಿಂದ ಕೇಳಿದ್ರೆ ಬೇಡ ಅನ್ನಿ, ಡಾಲರ್ ಒತ್ತಿ. ರೂಪಾಯಿಯಲ್ಲಿ ಕಟ್ಟಿದ್ರೆ ಅವರ ವಿನಿಮಯ ದರ ಬೀಳುತ್ತೆ, ಅದು ನಿಮ್ಮ ಪರವಾಗಿ ಇರಲ್ಲ. ಕೈಯಲ್ಲಿ ಒಂದು, ಐದು, ಹತ್ತರ ಡಾಲರ್ ನೋಟುಗಳಿರಲಿ. ಹರಿದದ್ದು, ಗೀಚಿದ್ದು ತಗೊಳ್ಳಲ್ಲ.

ಬ್ಯಾಗ್ ತುಂಬೋ ದಿನ ನಮ್ಮ ಮನೆಯಲ್ಲಿ ಸಣ್ಣ ಜಗಳ ಆಯ್ತು. ಅಮ್ಮ ಎಲ್ಲಿಗೆ ಹೋದ್ರೂ ಹೆಬ್ಬೆರಳ ಗಾತ್ರದ ಒಂದು ಗಣೇಶನ ವಿಗ್ರಹ ಪರ್ಸಲ್ಲಿ ಇಟ್ಕೋತಾರೆ. ಮಾಲ್ಡೀವ್ಸ್ ಕಸ್ಟಮ್ಸ್ ನಿಯಮದಲ್ಲಿ ಪೂಜೆಯ ವಿಗ್ರಹ ತರುವಂತಿಲ್ಲ. ಮದ್ಯ, ಹಂದಿ ಮಾಂಸವೂ ಇಲ್ಲ. ಡ್ಯೂಟಿ ಫ್ರೀಯಲ್ಲಿ ಬಾಟಲಿ ಕೊಂಡು ಹೋದವರದ್ದು ಅಲ್ಲಿ ಇಟ್ಟುಕೊಂಡು, ವಾಪಸ್ ಬರುವಾಗ ಕೊಡ್ತಾರೆ. ಅಮ್ಮನಿಗೆ ಹೇಳ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರ ಮನೆ, ಅವರ ಪದ್ಧತಿ ಬಿಡು" ಅಂತ ಗಣೇಶನ್ನ ದೇವರ ಗೂಡಿನಲ್ಲಿ ಇಟ್ರು. ಬೋಟ್ ತಪ್ಪಿದಾಗ "ನೋಡ್ದೇನೇ, ಅವನ್ನ ಬಿಟ್ಟು ಬಂದ್ವಿ" ಅಂದದ್ದೂ ನಿಜ. ಬಿಪಿ ಮಾತ್ರೆ ಇತ್ಯಾದಿ ಇದ್ದರೆ ವೈದ್ಯರ ಚೀಟಿ ಜೊತೆಗಿರಲಿ, ಮಾತ್ರೆಗಳು ಕೈಚೀಲದಲ್ಲೇ ಇರಲಿ.

ಜನವಸತಿ ದ್ವೀಪಗಳಲ್ಲಿ ಮದ್ಯ ಸಿಗಲ್ಲ, ಅದು ರೆಸಾರ್ಟ್ ದ್ವೀಪಗಳಲ್ಲಿ ಮಾತ್ರ. ಈಜುಡುಗೆಗೆ ಪ್ರತ್ಯೇಕ ಕಡಲತೀರ ಗುರುತು ಮಾಡಿರ್ತಾರೆ, ಊರೊಳಗೆ ಮೈ ಮುಚ್ಚೋ ಬಟ್ಟೆ. ಸಸ್ಯಾಹಾರಿಗಳು ಒಂದು ಪದ ಕಲೀಬೇಕು: "ಮಾಸ್". ದಿವೇಹಿಯಲ್ಲಿ ಅದರರ್ಥ ಮೀನು. ಬೆಳಗಿನ ತಿಂಡಿ ಮಾಸ್ ಹುನಿ ಅಂದ್ರೆ ಟ್ಯೂನಾ, ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ ಕಲಸಿದ್ದು, ಜೊತೆಗೆ ರೋಶಿ ಅನ್ನೋ ಚಪಾತಿ. ಮೀನಿಲ್ಲದೆ ಕೊಡಿ ಅಂದಾಗ ಅಡುಗೆಯವರು ಉಳಿದದ್ದನ್ನ ಕಲಸಿ ತಂದ್ರು. ಅಮ್ಮ ಒಂದು ತುತ್ತು ತಿಂದು, "ಇದು ನಮ್ಮ ಕಾಯಿ ಚಟ್ನಿನೇ, ರುಬ್ಬಿಲ್ಲ ಅಷ್ಟೆ" ಅಂದ್ರು. ತೆಂಗಿನ ಮರ ನೋಡಿದಾಗಲೂ ಅಷ್ಟೇ: "ತಿಪಟೂರಿಂದ ಇಷ್ಟು ಖರ್ಚು ಮಾಡ್ಕೊಂಡು ಬಂದು ತೆಂಗಿನ ಮರ ನೋಡೋದೇನೇ?"

ಮೀನು ನೋಡಿದ್ರಾ ಅಂತ ನೀವು ಕೇಳ್ತೀರಿ. ನೋಡಿದ್ರು. ದೊಡ್ಡದಲ್ಲ. ಶನಿವಾರ ಬೆಳಿಗ್ಗೆ ಗೆಸ್ಟ್‌ಹೌಸ್‌ನ ಹುಡುಗ ಲೈಫ್ ಜಾಕೆಟ್, ಮಾಸ್ಕ್ ಹಾಕಿಸಿ, ಎದೆ ಮಟ್ಟದ ನೀರಲ್ಲಿ ಕೈ ಹಿಡಿದು ನಿಲ್ಲಿಸಿದ. ಅಮ್ಮನಿಗೆ ಈಜು ಬರಲ್ಲ. ಮುಖ ನೀರಿಗೆ ಇಟ್ಟವರು ತಲೆ ಎತ್ತಲೇ ಇಲ್ಲ, ನನಗೆ ಗಾಬರಿ ಆಗೋ ತನಕ. ಎದ್ದು ಮಾಸ್ಕ್ ತೆಗೆದು, ಹಳದಿ ಪಟ್ಟೆ ಇತ್ತು, ಗಿಳಿ ಹಸಿರು ಇತ್ತು, ಒಂದು ನನ್ನನ್ನೇ ನೋಡ್ತು ಅಂತ ಶುರು ಮಾಡಿದ್ರು. ತಿಮಿಂಗಿಲ ಶಾರ್ಕ್ ಸುದ್ದಿ ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಈಗ ಹಾಸನದ ಪ್ರಶ್ನೆಗೆ ಬರ್ತೀನಿ. ಜೂನ್, ಮಾಫುಶಿ, ಮೂರು ರಾತ್ರಿ, ಇಬ್ಬರು. ಟಿಕೆಟ್ ಹೋಗಿ ಬರೋಕೆ ತಲಾ 22 ಸಾವಿರಕ್ಕೆ ಸಿಕ್ಕಿತು ಅಂತಿಟ್ಟುಕೊಳ್ಳಿ, 44 ಸಾವಿರ. 60 ಡಾಲರ್ ಅಂತ ತೋರಿಸೋ ರೂಮ್ ಎಲ್ಲ ಸೇರಿ 89 ಆಗುತ್ತೆ, ಮೂರು ರಾತ್ರಿಗೆ 24 ಸಾವಿರ. ಮಾಫುಶಿ ಹತ್ತಿರ, ಸ್ಪೀಡ್‌ಬೋಟ್‌ನಲ್ಲಿ ಮುಕ್ಕಾಲು ಗಂಟೆಯೊಳಗೆ. ತಲಾ 25 ಡಾಲರ್ ಹಿಡಿದ್ರೂ ಹೋಗಿ ಬರೋಕೆ 9 ಸಾವಿರ. ಊಟಕ್ಕೆ ಕೈ ಬಿಗಿ ಹಿಡಿದು 11 ಸಾವಿರ. ಒಟ್ಟು 88 ಸಾವಿರ, ಒಂದೂ ಬೋಟ್ ಟ್ರಿಪ್ ಇಲ್ಲದೆ. ಹಾಗಾಗಿ 60 ಸಾವಿರಕ್ಕೆ ಆಗಲ್ಲ. ಸಾಲ ಮಾಡಿ ಹೋಗಿ ಅಂತ ನಾನು ಹೇಳಲ್ಲ.

ಇನ್ನೊಂದು, ಜೂನ್. ಅದು ಅಲ್ಲಿ ಹುಲಂಗು ಕಾಲ, ಅಂದ್ರೆ ನಮ್ಮದೇ ನೈಋತ್ಯ ಮುಂಗಾರು, ಸುಮಾರು ಮೇಯಿಂದ ಅಕ್ಟೋಬರ್‌ವರೆಗೆ. ದಿನವಿಡೀ ಮಳೆ ಅಂತಲ್ಲ, ಆದ್ರೆ ಗಾಳಿ ಇರುತ್ತೆ, ಸಮುದ್ರ ಒರಟಾಗಿರುತ್ತೆ, ಬೋಟ್ ತಡ ಆಗೋದು, ರದ್ದಾಗೋದು ಹೆಚ್ಚು. ಒಣ ಕಾಲ ಇರುವಾಯಿ, ಜನವರಿಯಿಂದ ಏಪ್ರಿಲ್ ಚೆನ್ನ, ಬೆಲೆಯೂ ಆಗಲೇ ಮೇಲೆ. ನಿಮ್ಮ ಜಾಗದಲ್ಲಿ ನಾನಿದ್ರೆ ಆ 60 ಸಾವಿರ ಮುಟ್ಟದೆ, ತಿಂಗಳಿಗೆ ನಾಲ್ಕು ಸಾವಿರ ಸೇರಿಸಿ, ಮುಂದಿನ ಏಪ್ರಿಲ್‌ಗೆ ನೋಡ್ತಿದ್ದೆ. ಆಗ ಮಾಫುಶಿಯ ಗೆಸ್ಟ್‌ಹೌಸ್‌ಗೆ ಮೊದಲ ಮೆಸೇಜ್ ಬೋಟ್ ಬಗ್ಗೆ ಇರಲಿ.

ಅಮ್ಮ ಮತ್ತೆ ಚೀಟಿ ಸೇರಿದ್ದಾರೆ. ಈ ಸಲ ಟಿಕೆಟ್ ಬುಕ್ ಮಾಡುವಾಗ ಪಕ್ಕದಲ್ಲೇ ಕೂತಿರ್ತಾರಂತೆ.